ನೆರಳೂರಿನ ನಲವತ್ತೊಂದು ಜನ

ಹರಿಗೇರಿಯಲ್ಲಿ ಬಟ್ಟೆಯ ಒಳಮೈ ಹೊರಗೆ ಮಾಡಿ ಒಣಹಾಕುವುದು ವಾಡಿಕೆ. ಮದುವೆಯಾಗಿ ಬಂದ ಸೊಸೆಗೆ ಅತ್ತೆ ಹೇಳಿಕೊಡುವ ಮೊದಲ ಪಾಠವೇ ಅದು. ಮರೆತರೆ, ಸಂಜೆ ಹಗ್ಗದಿಂದ ತೆಗೆಯುವ ಹೊತ್ತಿಗೆ ಬಿಳಿ ಅಂಗಿಯ ಮೇಲೆ ಮಸಿ ಕೂತಿರುತ್ತದೆ. ಕೊಡವಿದರೆ ಇನ್ನಷ್ಟು ಮೆತ್ತಿಕೊಳ್ಳುತ್ತದೆ. ಸಂಡಿಗೆ, ಹಪ್ಪಳ, ಶ್ಯಾವಿಗೆಗಳನ್ನು ಮಾಳಿಗೆಯ ಮೇಲೆ ಹಾಕುವುದನ್ನು ಆ ಊರಿನ ಹೆಂಗಸರು ಬಿಟ್ಟು ಹದಿನಾರು ವರ್ಷವಾಗಿತ್ತು. ಪಡುವಣ ದಿಕ್ಕಿನ ಕಬ್ಬಿಣದ ಕಾರ್ಖಾನೆಗೆ ಮೂರನೆಯ ಚಿಮಣಿ ಎದ್ದ ವರ್ಷದಿಂದ.

ಆದ್ದರಿಂದ ಆ ಬೇಸಿಗೆಯ ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟಿದ್ದ ಸರ್ವಮಂಗಳಾ ಬೀದಿಯ ತಿರುವಿನಲ್ಲಿ ಸ್ಕೂಟರ್ ನಿಲ್ಲಿಸಿ ತಲೆಯೆತ್ತಿ ನೋಡಿದಳು. ಸಾಲು ಮಾಳಿಗೆಗಳ ಮೇಲೆ ಹಳೆಯ ಪಂಚೆ ಹಾಸಿ ಸಂಡಿಗೆ ಇಟ್ಟಿದ್ದರು. ಎದುರುಮನೆಯ ಮುದುಕಿ ತನ್ನ ಸಂಡಿಗೆಯ ಜೊತೆಗೆ ಪಕ್ಕದ ಮನೆಯ ಬಸುರಿಯ ಸಂಡಿಗೆಗೂ ಕಾಗೆ ಕಾಯುತ್ತ ಕೊಡೆ ಬಿಚ್ಚಿ ಕೂತಿದ್ದಳು.

ಏಷ್ಯಾದ ಓಟಗಾರರ ಕ್ರೀಡಾಕೂಟ ಹರಿಗೇರಿಗೆ ಬಂದು ಅಂದಿಗೆ ಆರು ದಿನ. ಓಡುವವರ ಎದೆಗೆ ಹೊಗೆ ತಾಕಬಾರದೆಂದು ಸರ್ಕಾರ ಇಪ್ಪತ್ತೊಂದು ದಿನಗಳ ತಾತ್ಕಾಲಿಕ ಆಜ್ಞೆ ಹೊರಡಿಸಿತ್ತು. ಕಾರ್ಖಾನೆಯ ಮೂರೂ ಚಿಮಣಿ ಬಂದ್. ಲಾರಿಗಳು ಊರಾಚೆ. ಕಸಕ್ಕೆ ಬೆಂಕಿ ಹಚ್ಚಿದರೆ ಪೊಲೀಸ್ ಠಾಣೆ. ಮಂಡಕ್ಕಿ ಭಟ್ಟಿಗಳೂ ಬಂದ್. ಹದಿನಾರು ವರ್ಷ ಅರ್ಜಿ ಹಿಡಿದು ಓಡಾಡಿದವರಿಗೆ "ತಾಂತ್ರಿಕವಾಗಿ ಸಾಧ್ಯವಿಲ್ಲ" ಎಂಬ ಉತ್ತರ ಸಿಕ್ಕಿತ್ತು. ಓಟಗಾರರು ಬರುತ್ತಾರೆಂದಾಗ ಅದೇ ಕೆಲಸ ಒಂದೇ ಬೆಳಿಗ್ಗೆಯಲ್ಲಿ ಮುಗಿಯಿತು.

"ಏನಕ್ಕಾ, ನಿಮ್ಮ ಆಫೀಸಿನೋರು ಗಾಳಿ ತೊಳೆದ್ರಂತೆ! ಜತಿಗೆ ನಮ್ಮ ಅಡಿಗೆಮನೆ ಡಬ್ಬಿನೂ ತೊಳೆದು ಬೋರಲು ಹಾಕಿದ್ರು, ನೋಡ್ರಿ."

ಹಿಂದಿನ ಬೀದಿಯ ಖೈರುನ್ನಿಸಾ. ಇಪ್ಪತ್ತೆಂಟು ವರ್ಷದಿಂದ ಭಟ್ಟಿಯ ಮುಂದೆ ಕೂತು ಕಾದ ಮರಳಿನಲ್ಲಿ ಅಕ್ಕಿ ಹುರಿದು ಮಂಡಕ್ಕಿ ಮಾಡುವವಳು. ಸರ್ವಮಂಗಳಾ ಎಂದೋ ಒಮ್ಮೆ ಅವಳ ಮಗಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ ಹೊತ್ತಿಗೆ ಸರಿಯಾಗಿ ಪರೀಕ್ಷೆಗೆ ಮುಟ್ಟಿಸಿದ್ದಳು. ಅಂದಿನಿಂದ ಒಂಬತ್ತು ವರ್ಷ, ಪ್ರತಿ ಬೆಳಿಗ್ಗೆ ಸ್ಕೂಟರಿನ ಹ್ಯಾಂಡಲ್ಲಿಗೆ ಬಿಸಿ ಮಂಡಕ್ಕಿಯ ಒಂದು ಕವರು ನೇತಾಡುತ್ತಿತ್ತು. ಈ ಆರು ದಿನ ಅದು ಇರಲಿಲ್ಲ.

"ಇನ್ನು ಹದಿನೈದು ದಿನ ಖೈರು, ತಡ್ಕೋ."

"ತಡ್ಕೊಳ್ಳಾಕೇನು, ಅಭ್ಯಾಸ ಐತೆ. ಆದ್ರೂ ಕೇಳ್ತೀನಿ ಅಕ್ಕಾ, ಓಡಾಕ ಬಂದೋರಿಗೆ ಎದೆ ಐತೆ, ಭಟ್ಟಿ ಮುಂದೆ ಕೂರೋರಿಗೆ ಬರೀ ಕೈ ಅಷ್ಟೇ ಐತೇನು?" ನಗುತ್ತಲೇ ಬೈದಳು. ಆಮೇಲೆ ಹತ್ತಿರ ಬಂದು ಗುಟ್ಟು ಹೇಳುವಂತೆ ದನಿ ತಗ್ಗಿಸಿದಳು. "ಒಂದು ಮಾತ್ರ ನಿಜ. ಮೂರು ದಿನಾಯ್ತು, ದಿಂಬಿಗೆ ತಲೆ ಕೊಟ್ಟು ಮಲಗ್ತಿದೀನಿ. ನಾಕು ವರ್ಷದಿಂದ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡ್ತಿದ್ದೆ, ನಿಮಗೆ ಹೇಳಿರಲಿಲ್ಲ."

ಒಂಬತ್ತು ವರ್ಷ ಅವಳ ಮಂಡಕ್ಕಿ ತಿಂದಿದ್ದ ಸರ್ವಮಂಗಳಾಗೆ ಆ ಒಂದು ವಿಷಯ ತಿಳಿದಿರಲಿಲ್ಲ.

*

ಗಾಳಿ ಮಾಪನ ಕೇಂದ್ರದಲ್ಲಿ ಸರ್ವಮಂಗಳಾ ಹಿರಿಯ ವೀಕ್ಷಕಿ. ಬಿ.ಎಸ್ಸಿ. ಮುಗಿಸಿ ಸೇರಿದ ಕಾಲಕ್ಕೆ ಅಲ್ಲಿನ ಕೆಲಸ ಸರಳವಾಗಿತ್ತು. ಬಿಳಿಯ ಶೋಧಕ ಕಾಗದವನ್ನು ತೂಗಿ ಯಂತ್ರದಲ್ಲಿಡುವುದು, ಒಂದು ಹಗಲು ಒಂದು ರಾತ್ರಿ ಅದರ ಮೂಲಕ ಊರಿನ ಗಾಳಿ ಹಾಯಿಸುವುದು, ಕಪ್ಪಾದ ಕಾಗದವನ್ನು ಮತ್ತೆ ತೂಗುವುದು. ಹೆಚ್ಚಾದ ತೂಕ ಎಷ್ಟೋ ಅಷ್ಟು ಹೊಗೆ. ಮೂವತ್ನಾಲ್ಕು ವರ್ಷ ಅವಳು ಹೀಗೆ ಊರಿನ ಮಸಿಯನ್ನು ತೂಗಿ ತೂಗಿ ವರದಿ ಬರೆದಿದ್ದಳು. ವರದಿಗಳು ಕಪಾಟು ಸೇರಿದ್ದವು.

ನೆರಳೂರು ಬಂದದ್ದು ಎರಡು ವರ್ಷದ ಹಿಂದೆ.

ಹೊಗೆ ನಿಲ್ಲಿಸಿದ್ದರಿಂದ ಎಷ್ಟು ಒಳಿತಾಯಿತೆಂದು ತಿಳಿಯುವುದು ಕಷ್ಟ. ಚಿಮಣಿ ನಿಂತ ದಿನವೇ ಗಾಳಿ ಜೋರಾಗಿ ಬೀಸಿರಬಹುದು, ನಾಲ್ಕು ಹನಿ ಮಳೆ ಬಿದ್ದಿರಬಹುದು. ಆಗ ಗಾಳಿ ತಿಳಿಯಾದದ್ದು ಆಜ್ಞೆಯಿಂದಲೋ ಮಳೆಯಿಂದಲೋ? ಇದನ್ನು ಬಿಡಿಸಲು ಕಂಪ್ಯೂಟರಿನೊಳಗೆ ಎರಡನೆಯ ಹರಿಗೇರಿಯೊಂದನ್ನು ಕಟ್ಟಿದ್ದರು. ಅದೇ ಬೀದಿಗಳು, ಅದೇ ಚಿಮಣಿಗಳು, ಆಯಾ ದಿನ ನಿಜವಾದ ಊರಿನಲ್ಲಿ ಬೀಸಿದ ಅದೇ ಗಾಳಿ, ಅದೇ ಬಿಸಿಲು. ಒಂದೇ ವ್ಯತ್ಯಾಸವೆಂದರೆ ಅಲ್ಲಿ ಆಜ್ಞೆ ಇಲ್ಲ, ಏನನ್ನೂ ನಿಲ್ಲಿಸಿಲ್ಲ. ಹೀಗೆ ನಾವು ಬದುಕದೆ ಬಿಟ್ಟ ದಿನಗಳನ್ನು ಆ ಊರು ಬದುಕಿ ತೋರಿಸುತ್ತಿತ್ತು. ಕೇಂದ್ರದವರು ಅದನ್ನು ನೆರಳೂರು ಎಂದು ಕರೆದರು.

ಅಲ್ಲಿ ಜನರೂ ಇದ್ದರು. ನಲವತ್ತು ದಾಟಿದವರೆಲ್ಲರ ಮಣಿಕಟ್ಟಿಗೆ ಆರೋಗ್ಯ ಇಲಾಖೆ ಉಸಿರುಪಟ್ಟಿ ಕಟ್ಟಿತ್ತು. ಯಾರ ಎದೆ ಎಷ್ಟು ಬಡಿಯುತ್ತದೆ, ಯಾರ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂಬುದು ಆ ಪಟ್ಟಿಗಳಿಂದ ನೆರಳೂರಿಗೆ ಹೋಗುತ್ತಿತ್ತು. ನೆರಳೂರು ಒಂದೊಂದು ದಿನವನ್ನೂ ಸಾವಿರ ಸಲ ಓಡಿಸಿ ನೋಡುತ್ತಿತ್ತು. ಸಾವಿರದಲ್ಲಿ ಒಂಬೈನೂರಕ್ಕೂ ಹೆಚ್ಚು ಸಲ ಯಾರ ಉಸಿರು ನಿಂತಿತೋ, ಅವರ ಹೆಸರು ಒಂದು ಪಟ್ಟಿಗೆ ಸೇರುತ್ತಿತ್ತು.

ಇಪ್ಪತ್ತನೆಯ ದಿನ ಮಧ್ಯಾಹ್ನ ಸರ್ವಮಂಗಳಾ ಆ ಪಟ್ಟಿಯನ್ನು ತೆರೆದಳು. ಆಫೀಸಿನಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಅವಳು ವರದಿಯ ಕೊನೆಯ ಪುಟಕ್ಕೆ ಅಂಕಿ ಹುಡುಕುತ್ತಿದ್ದಳು, ಅಷ್ಟೇ.

ನಲವತ್ತೊಂದು ಹೆಸರು. ಇಪ್ಪತ್ತು ದಿನಗಳಲ್ಲಿ ನೆರಳೂರಿನಲ್ಲಿ ಸತ್ತು, ಹರಿಗೇರಿಯಲ್ಲಿ ಬದುಕಿ ಓಡಾಡುತ್ತಿರುವ ನಲವತ್ತೊಂದು ಜನ. ಪೋಸ್ಟ್‌ಮ್ಯಾನ್ ಗುರುಬಸಯ್ಯ, ನಾಲ್ಕನೆಯ ದಿನ. ಹೂ ಮಾರುವ ತಿಮ್ಮಕ್ಕ, ಒಂಬತ್ತನೆಯ ದಿನ. ಅವಳ ಕಣ್ಣು ಕೆಳಗೆ ಇಳಿಯುತ್ತ ಹೋಗಿ ಒಂದು ಸಾಲಿನ ಮೇಲೆ ನಿಂತುಬಿಟ್ಟಿತು.

ಖೈರುನ್ನಿಸಾ, ನಲವತ್ತಾರು ವರ್ಷ, ಭಟ್ಟಿ ಬೀದಿ. ಹದಿಮೂರನೆಯ ದಿನ, ಬೆಳಿಗ್ಗೆ ಹನ್ನೊಂದು ಗಂಟೆ.

ಸರ್ವಮಂಗಳಾ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. ಸಾಲು ಹಾಗೇ ಇತ್ತು. ಆಮೇಲೆ ಯಾರೂ ಹೇಳದ ಕೆಲಸವೊಂದನ್ನು ಮಾಡಿದಳು. ನಾಳಿದ್ದು ಆಜ್ಞೆ ತೆಗೆದು ಎಲ್ಲವನ್ನೂ ಮೊದಲಿನಂತೆ ಹಚ್ಚಿದರೆ ಏನಾಗುತ್ತದೆಂದು ಕೇಳಿದಳು. ಖೈರುನ್ನಿಸಾ, ಹನ್ನೊಂದನೆಯ ದಿನ ಎಂದು ನೆರಳೂರು ಉತ್ತರಿಸಿತು. ಬರೀ ಮಂಡಕ್ಕಿ ಭಟ್ಟಿಗಳನ್ನು ಮುಚ್ಚಿ ಉಳಿದದ್ದನ್ನೆಲ್ಲ ತೆರೆದರೆ? ನಲವತ್ತೊಂದರಲ್ಲಿ ಬದುಕಿ ಉಳಿದವರು ಮೂವರು. ಆ ಮೂವರಲ್ಲಿ ಖೈರು ಇರಲಿಲ್ಲ. ಮೂರು ಚಿಮಣಿಗಳನ್ನು ಮುಚ್ಚಿ, ಭಟ್ಟಿಗಳಿಗೆ ಹೊಗೆ ಮೇಲಕ್ಕೆ ಹೋಗುವಂತೆ ಎತ್ತರದ ತಗಡಿನ ಕೊಳವೆ ಕೂರಿಸಿ ತೆರೆದರೆ? ಉಳಿದವರು ಮೂವತ್ತಾರು. ಖೈರು ಆ ಮೂವತ್ತಾರರಲ್ಲಿದ್ದಳು.

ಇಷ್ಟು ಸುಲಭವಾಗಿತ್ತು. ಒಂದು ಕಡೆ ಒಂದಷ್ಟು ತಗಡು. ಇನ್ನೊಂದು ಕಡೆ ಮೂರು ಚಿಮಣಿ.

*

"ಅನ್ನ ಆರಿ ಹೋಯ್ತಲ್ಲ ಮಂಗಳಾ," ಎಂದ ಹಾಲೇಶಪ್ಪ.

ಅವಳ ಗಂಡ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದವನು. ನಿವೃತ್ತಿಯ ಮಾರನೆಯ ದಿನದಿಂದ ಅಡಿಗೆ ತನ್ನದೆಂದು ಹೇಳಿ, ಹೇಳಿದಂತೆ ನಡೆದುಕೊಂಡಿದ್ದ. ಸಾರಿಗೆ ಉಪ್ಪು ಹೆಚ್ಚಾದ ದಿನ ಅವಳು ಏನೂ ಅನ್ನುತ್ತಿರಲಿಲ್ಲ. ಅವಳು ಏನೂ ಅನ್ನಲಿಲ್ಲವೆಂದರೆ ಉಪ್ಪು ಹೆಚ್ಚಾಗಿದೆ ಎಂದು ಅವನೇ ತಿಳಿದುಕೊಳ್ಳುತ್ತಿದ್ದ.

"ಉಪ್ಪು ಜಾಸ್ತಿಯಾಯ್ತಾ?"

"ಇಲ್ಲ ರೀ. ಒಂದು ವಿಷಯ ಕೇಳ್ತೀನಿ. ಹದಿಮೂರನೇ ದಿನ ಅಂದ್ರೆ ಹೋದ ಬುಧವಾರ. ಅವತ್ತು ಖೈರುನ ನೋಡಿದ್ರಾ?"

"ನೋಡದೆ ಏನು? ಮಾಳಿಗೆ ಮೇಲೆ ಶ್ಯಾವಿಗೆ ಒಣಹಾಕ್ತಿದ್ಲು. ಹನ್ನೊಂದು ಗಂಟೆಗೆ ನಾನು ಕಾಫಿ ಕುಡೀತಾ ನಿಂತಿದ್ದೆ. 'ಮಾಸ್ತರೇ, ಸಾಲು ನೆಟ್ಟಗೈತಾ ನೋಡ್ರಿ, ನೀವು ಡ್ರಾಯಿಂಗಿನೋರು' ಅಂತ ಕೂಗಿದ್ಲು. ಯಾಕೆ?"

ಸರ್ವಮಂಗಳಾ ತಟ್ಟೆಯನ್ನು ಸರಿಸಿ ಎಲ್ಲವನ್ನೂ ಹೇಳಿದಳು. ಹಾಲೇಶಪ್ಪ ಅವಳ ತಟ್ಟೆಯ ಆರಿದ ಅನ್ನ ತೆಗೆದು ಬಿಸಿ ಅನ್ನ ಬಡಿಸಿದ.

"ಉಣ್ಣು. ನಾಳೆ ಜಗಳ ಆಡಬೇಕಲ್ಲ, ಖಾಲಿ ಹೊಟ್ಟೇಲಿ ಆಗಲ್ಲ."

*

ನಿರ್ದೇಶಕ ಬಣಕಾರ ಕೆಟ್ಟ ಮನುಷ್ಯನಲ್ಲ. ಹಾಲೇಶಪ್ಪನಿಗೆ ಆಪರೇಷನ್ ಆದಾಗ ತನ್ನ ಕಾರನ್ನೇ ಕಳಿಸಿಕೊಟ್ಟಿದ್ದ. ಅದನ್ನು ಸರ್ವಮಂಗಳಾ ಮರೆತಿರಲಿಲ್ಲ. ಆದ್ದರಿಂದಲೇ ಆ ದಿನ ಅವನ ಮಾತು ಅವಳನ್ನು ಅಷ್ಟು ಸುಟ್ಟಿತು.

"ಮೇಡಂ, ಪಟ್ಟಿ ನೋಡಿದೆ. ಅದನ್ನು ವರದಿಯಲ್ಲಿ ಹಾಕೋದು ಬೇಡ."

"ಅದೇ ವರದಿ ಸರ್. ಉಳಿದದ್ದೆಲ್ಲ ಅಂಕಿ."

"ನೋಡಿ, ಆಜ್ಞೆಯಿಂದಲೇ ಗಾಳಿ ಶುದ್ಧವಾಯ್ತು ಅಂತ ನಾವು ಬರೆದುಕೊಟ್ರೆ, ನಾಳೆ ಜನ ಅದನ್ನೇ ಕೇಳ್ತಾರೆ. ಕೊಡೋಕಾಗುತ್ತಾ? ಮೇಲಿನಿಂದ ಒಂದು ಸಲಹೆ ಬಂದಿದೆ. ನೆರಳೂರಿಗೆ ಈ ವರ್ಷದ ಗಾಳಿ ಬದಲು ಹೋದ ವರ್ಷದ ಗಾಳಿ ಹಾಕಿ."

ಅವಳಿಗೆ ತಕ್ಷಣ ಅರ್ಥವಾಯಿತು. ಹೋದ ವರ್ಷ ಇದೇ ದಿನಗಳಲ್ಲಿ ಬಿರುಗಾಳಿ ಎದ್ದಿತ್ತು. ಆ ಗಾಳಿಯನ್ನು ಹಾಕಿದರೆ ನೆರಳೂರಿನ ಹೊಗೆಯೂ ಚದುರಿಹೋಗುತ್ತದೆ. ಎರಡೂ ಊರು ಒಂದೇ ಸಮ ಕಾಣುತ್ತವೆ. ಪಟ್ಟಿ ಖಾಲಿಯಾಗುತ್ತದೆ. ಗಾಳಿ ಬೀಸಿದ್ದರಿಂದ ಊರು ಶುದ್ಧವಾಯಿತು, ಚಿಮಣಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಬರೆದು ಮುಗಿಸಬಹುದು.

"ಈ ಸಲ ಗಾಳಿ ಬೀಸಲೇ ಇಲ್ಲ ಸರ್," ಎಂದಳು. "ಇಪ್ಪತ್ತು ದಿನದಲ್ಲಿ ಹದಿನೇಳು ದಿನ ಎಲೆ ಅಲುಗಿಲ್ಲ. ಚಿಮಣಿ ಉರೀತಿದ್ರೆ ಊರು ಸತ್ತೇ ಹೋಗ್ತಿತ್ತು."

"ಸಾಯಲಿಲ್ಲವಲ್ಲ! ಅದೇ ನಾನು ಹೇಳ್ತಿರೋದು. ಆ ನಲವತ್ತೊಂದು ಜನ ಆರಾಮಾಗಿದಾರೆ. ಸತ್ತಿರೋದು ಕಂಪ್ಯೂಟರಿನಲ್ಲಿ."

"ಆಜ್ಞೆ ತೆಗೆದ್ರೆ ಹೊರಗೂ ಸಾಯ್ತಾರೆ. ಆಜ್ಞೆ ತೆಗೆದ ಮೂರು ದಿನದೊಳಗೆ ತೊಂದರೆಗೆ ಒಳಗಾದವರು ಆಕ್ಷೇಪಣೆ ಕೊಟ್ಟರೆ, ವಿಚಾರಣೆ ಆಗೋವರೆಗೆ ಮೂವತ್ತು ದಿನ ಚಿಮಣಿ ಹಚ್ಚೋ ಹಾಗಿಲ್ಲ ಅಂತ ಕಾನೂನಲ್ಲೇ ಇದೆ. ಆಕ್ಷೇಪಣೆ ನಾನೇ ಬರೀತೀನಿ."

ಬಣಕಾರ ನಕ್ಕ. ದಣಿದ ನಗು. "ತೊಂದರೆಗೆ ಒಳಗಾದವರು ಸ್ವತಃ ಬಂದು ಸಹಿ ಹಾಕಬೇಕು ಅಂತಲೂ ಅದರಲ್ಲಿದೆ, ಓದಿ. ನಿಮಗೇನು ತೊಂದರೆಯಾಗಿದೆ? ಆ ಸತ್ತವರೇ ಬಂದು ಸಹಿ ಹಾಕಲಿ, ತಗೋತೀನಿ."

ಮೂವತ್ನಾಲ್ಕು ವರ್ಷ ಅವಳು ಆ ಕೋಣೆಯಲ್ಲಿ ದನಿ ಎತ್ತಿರಲಿಲ್ಲ. ಅಂದೂ ಎತ್ತಲಿಲ್ಲ. ಮೇಜಿನ ಮೇಲೆ ಅವನು ಅವಳಿಗೆಂದು ತರಿಸಿದ್ದ ಚಹಾ ಇತ್ತು. ಅದನ್ನು ಮುಟ್ಟದೆ ಎದ್ದಳು. ಓಡಲು ಬಂದ ಮುನ್ನೂರು ಜನಕ್ಕಾಗಿ ಇಡೀ ಊರಿನ ಹೊಗೆ ನಿಲ್ಲಿಸಲು ಬರುತ್ತಿತ್ತು ಇವರಿಗೆ. ಹದಿನಾರು ವರ್ಷ ಬರುತ್ತಲೇ ಇತ್ತು. ಗೊತ್ತಿದ್ದೂ, ಒಂದು ಸ್ವಿಚ್ಚು ಒತ್ತಿದರೆ ನಿಲ್ಲುವುದನ್ನು ನಿಲ್ಲಿಸದೆ, ತನ್ನಿಂದ ದಿನಾ ಮಸಿ ತೂಗಿಸಿದ್ದರು.

*

ಖೈರುನ್ನಿಸಾಗೆ ಹೇಳುವುದು ಹೇಗೆಂದು ಅವಳು ದಾರಿಯುದ್ದಕ್ಕೂ ಯೋಚಿಸಿದಳು. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಖೈರು ಒಣಗಿದ ಶ್ಯಾವಿಗೆಯನ್ನು ಡಬ್ಬಿಗೆ ತುಂಬುತ್ತಿದ್ದಳು. ಕೈ ನಿಂತಿತು.

"ಬುಧವಾರ ಹನ್ನೊಂದು ಗಂಟೆಗಾ?"

"ಹ್ಞೂಂ."

"ಆಗ ಶ್ಯಾವಿಗೆ ಹಾಕ್ತಿದ್ದೆ ಅಕ್ಕಾ. ಇದೇ ಶ್ಯಾವಿಗೆ." ಡಬ್ಬಿಯನ್ನು ಸ್ವಲ್ಪ ಹೊತ್ತು ನೋಡಿದಳು. "ನಿಮ್ಮ ಕಂಪ್ಯೂಟರು ಸುಳ್ಳು ಹೇಳ್ತಿರಬೋದು."

"ಹೇಳಬಹುದು. ಆದರೆ ನೀನು ನಾಲ್ಕು ವರ್ಷ ಗೋಡೆಗೆ ಒರಗಿ ಮಲಗಿದ್ದೆ ಅಂತ ನನಗೆ ಗೊತ್ತಿರಲಿಲ್ಲ, ಅದಕ್ಕೆ ಗೊತ್ತಿತ್ತು."

ಖೈರು ಮಣಿಕಟ್ಟಿನ ಪಟ್ಟಿಯನ್ನು ಮುಟ್ಟಿಕೊಂಡಳು. ಆಮೇಲೆ ಇದ್ದಕ್ಕಿದ್ದಂತೆ ಸಿಟ್ಟು ಬಂತು. "ಅಲ್ರೀ, ಮುಚ್ಚಿದಾಗ ನಮ್ಮನ್ನ ಕೇಳಲಿಲ್ಲ. ಈಗ ತೆಗೆಯೋವಾಗಲೂ ಕೇಳಲ್ಲ. ಭಟ್ಟಿ ತೆಗೀಬ್ಯಾಡಿ ಅಂತ ಸಹಿ ಹಾಕಂದ್ರೆ ನಾನು ಹಾಕಲ್ಲ ಅಕ್ಕಾ, ನೀವೇ ಕೇಳಿದ್ರೂ. ಸಾಯೋದು ಹನ್ನೊಂದು ದಿನಕ್ಕೆ. ಹಸಿವು ನಾಳೆಗೇ ಐತೆ."

"ಭಟ್ಟಿ ತೆಗೀಲಿ ಅಂತಲೇ ಬರೆದಿದೀನಿ. ಕೊಳವೆ ಹಾಕಿಸಿ ತೆಗೀಲಿ. ಆ ಮೂರು ಮಾತ್ರ ಹಚ್ಚಬಾರದು."

ಖೈರು ಬಾಗಿಲ ಆಚೆ ಪಡುವಣಕ್ಕೆ ನೋಡಿದಳು. "ನಂಗೆ ಸಹಿ ಬರಲ್ಲ. ಹೆಬ್ಬೆಟ್ಟು ನಡೀತೈತಾ?"

"ನಡೀತೈತೆ."

"ಹಂಗಾದ್ರೆ ಉಳಿದ ನಲವತ್ತು ಹೆಣ ಎಲ್ಲೆಲ್ಲಿ ಅದಾವೆ ಹೇಳ್ರಿ, ಕರ್ಕೊಂಡು ಬರಾಣ."

ಎಲ್ಲರ ಮನೆಯಲ್ಲೂ ಹೀಗಾಗಲಿಲ್ಲ. ಒಂದು ಮನೆಯಲ್ಲಿ "ಒಳ್ಳೆ ದಿನ ನೋಡ್ಕೊಂಡು ಬಂದ್ಯೇನವ್ವಾ ಸಾವಿನ ಸುದ್ದಿ ಹೇಳಾಕೆ" ಎಂದು ಬಾಗಿಲು ಹಾಕಿದರು. ಕಾರ್ಖಾನೆಯಲ್ಲೇ ಮಗ ದುಡಿಯುವ ಒಬ್ಬ ಮುದುಕ ಕಣ್ಣಿನಲ್ಲಿ ನೀರು ತಂದುಕೊಂಡು ಕೈಮುಗಿದ. ಅವನನ್ನು ಒತ್ತಾಯಿಸಲು ಸರ್ವಮಂಗಳಾಗೆ ಮನಸ್ಸು ಬರಲಿಲ್ಲ. ಪೋಸ್ಟ್‌ಮ್ಯಾನ್ ಗುರುಬಸಯ್ಯ ಮಾತ್ರ ತಾನೇ ಮುಂದೆ ಬಂದ. ಪಟ್ಟಿಯ ವಿಳಾಸಗಳೆಲ್ಲ ಅವನಿಗೆ ಬಾಯಿಪಾಠ. ಸೈಕಲ್ಲಿನಲ್ಲಿ ಮುಂದೆ ಮುಂದೆ ಹೋಗಿ, ಬೈಯುವ ಮನೆ ಯಾವುದು, ನೀರು ಕೊಡುವ ಮನೆ ಯಾವುದು ಎಂದು ಮೊದಲೇ ಹೇಳುತ್ತಿದ್ದ.

ಹರಿಗೇರಿಯಲ್ಲಿ ಯಾರೇ ಸತ್ತರೂ ಬೀದಿಯ ತುದಿಯಲ್ಲಿ ಅವರ ಫೋಟೋ ಹಾಕಿ, ಹುಟ್ಟಿದ ದಿನ, ಸತ್ತ ದಿನ ಬರೆದು, ಭಾವಪೂರ್ಣ ಶ್ರದ್ಧಾಂಜಲಿಯ ಬ್ಯಾನರ್ ಕಟ್ಟುತ್ತಾರೆ. ಅದಿಲ್ಲದಿದ್ದರೆ ಸತ್ತದ್ದು ಊರಿಗೆ ಗೊತ್ತಾಗುವುದಿಲ್ಲ. "ನಮಗೂ ಒಂದೊಂದು ಕಟ್ರಿ," ಎಂದಳು ತಿಮ್ಮಕ್ಕ, ಹೂವಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡು. "ಆವಾಗ ನೋಡ್ತಾರೆ." ಬ್ಯಾನರ್ ಅಂಗಡಿಯವನು ಒಪ್ಪಲಿಲ್ಲ. "ಬದುಕಿರೋರದ್ದು ಹೊಡೆದ್ರೆ ನಾಳೆ ಯಾರೂ ನನ್ನ ಅಂಗಡಿ ಮೆಟ್ಟಲು ಹತ್ತಲ್ಲ ಮೇಡಂ," ಎಂದ. ಆದರೆ ಬರಿಗೈಯಲ್ಲಿ ಕಳಿಸದೆ, ಕಟ್ಟುವುದಕ್ಕೆ ಹಗ್ಗದ ಉಂಡೆ ಕೊಟ್ಟ.

ಹಾಲೇಶಪ್ಪ ಬೀರುವಿನಿಂದ ಬಿಳಿ ದುಪ್ಪಟಿಗಳನ್ನು ತೆಗೆದ. ಸಾಲದ್ದಕ್ಕೆ ಭಟ್ಟಿ ಬೀದಿಯ ಮನೆಮನೆಯಿಂದ ಬಂದವು. ಆ ರಾತ್ರಿಯಿಡೀ ಬೆನ್ನು ಬಾಗಿಸಿ ಕೂತು ಕೆಂಪು ಬಣ್ಣದಲ್ಲಿ ದುಂಡಗೆ ಬರೆದ. ಹೆಸರು. ಹುಟ್ಟಿದ್ದು. ಸತ್ತದ್ದು, ಕ್ರೀಡಾಕೂಟದ ಇಂತಿಷ್ಟನೆಯ ದಿನ. ಅದರ ಕೆಳಗೆ ಒಂದೇ ಸಾಲು: ಓಟಗಾರರ ದಯದಿಂದ ಬದುಕಿದ್ದೇನೆ.

*

ಓಟಗಾರರು ವಿಮಾನ ಹತ್ತಿದರು. ಆಜ್ಞೆ ತೆಗೆದ ಮೊದಲ ಬೆಳಿಗ್ಗೆ ಕೇಂದ್ರದ ಕಾಂಪೌಂಡಿನ ಬೇಲಿಗೆ ಇಪ್ಪತ್ತೊಂಬತ್ತು ದುಪ್ಪಟಿಗಳನ್ನು ಕಟ್ಟಿದರು. ಉಳಿದ ಹನ್ನೆರಡು ಜನ ಒಪ್ಪಿರಲಿಲ್ಲ. ಅಂದು ಹನ್ನೊಂದು ಗಂಟೆಗೆ ಸರ್ವಮಂಗಳಾಗೆ ಅಮಾನತಿನ ಕಾಗದ ಬಂತು. ಅವಳು ಒಳಗಿನ ಕುರ್ಚಿಯಿಂದ ಎದ್ದು ಹೊರಗಿನ ಬೇವಿನ ಮರದ ಕೆಳಗೆ ಕೂತಳು. ಕಾವಲುಗಾರ ತನ್ನ ಸ್ಟೂಲು ತಂದಿಟ್ಟು ಹೋದ.

ಮಧ್ಯಾಹ್ನ ಪಡುವಣದಲ್ಲಿ ಮೊದಲ ಚಿಮಣಿ ಹೊಗೆ ಬಿಟ್ಟಿತು. ಸಂಜೆಗೆ ಮೂರೂ.

ಕೇಂದ್ರದವರಿಗೆ ಒಂದು ಹಳೆಯ ಚಾಳಿ ಇತ್ತು. ಹೊಗೆಯ ಅಂಕಿ ಹೆಚ್ಚಾಗುವ ದಿನ ಮಾಪಕದ ಸುತ್ತ ಟ್ಯಾಂಕರಿನಿಂದ ನೀರು ಸಿಂಪಡಿಸುವುದು. ಆಗ ಮಾಪಕದ ಸುತ್ತಲಿನ ಹತ್ತು ಮಾರಿನಲ್ಲಿ ಧೂಳು ಇಳಿದು ಅಂಕಿ ಕಡಿಮೆ ಬರುತ್ತದೆ. ಊರು ಉಸಿರುಗಟ್ಟುತ್ತಿದ್ದರೂ ಫಲಕದ ಮೇಲೆ ಹಸಿರು ದೀಪ ಉರಿಯುತ್ತದೆ. ಚಿಮಣಿ ಹತ್ತಿದ್ದರೂ ಗಾಳಿ ಶುದ್ಧವಾಗಿಯೇ ಇದೆ ಎಂದು ತೋರಿಸಲು ಬಣಕಾರ ಎರಡನೆಯ ದಿನ ಬೆಳಿಗ್ಗೆಯಿಂದಲೇ ಟ್ಯಾಂಕರ್ ಓಡಿಸಿದ. ಮೂರನೆಯ ದಿನವೂ ಓಡಿಸಿದ. ಮಾಪಕ ಇದ್ದದ್ದು ಬೇಲಿಯ ಮಗ್ಗುಲಿಗೆ. ನೀರು ಮಾಪಕದ ಮೇಲೆ ಬಿದ್ದಷ್ಟೇ ದುಪ್ಪಟಿಗಳ ಮೇಲೂ ಬಿತ್ತು.

ಒಣಬಟ್ಟೆಯ ಮೇಲೆ ಬಿದ್ದ ಮಸಿ ಅಷ್ಟಿಷ್ಟು ಹಾರಿಹೋಗುತ್ತದೆ. ಒದ್ದೆಬಟ್ಟೆ ಒಂದು ಕಣವನ್ನೂ ಬಿಡುವುದಿಲ್ಲ. ಇದು ಹರಿಗೇರಿಯ ಹೆಂಗಸರಿಗೆಲ್ಲ ಗೊತ್ತು. ಯಾರೂ ಅಲ್ಲಿ ಬಟ್ಟೆಯನ್ನು ಹಿಂಡದೆ ಹಗ್ಗಕ್ಕೆ ಹಾಕುವುದಿಲ್ಲ. ಬಣಕಾರನಿಗೆ ಗೊತ್ತಿರಲಿಲ್ಲ. ಅವನ ಬಟ್ಟೆ ಮನೆಯೊಳಗಿನ ಯಂತ್ರದಲ್ಲಿ ಒಣಗುತ್ತಿತ್ತು. ಮೂರನೆಯ ದಿನದ ಮಧ್ಯಾಹ್ನದ ಹೊತ್ತಿಗೆ ಮಾಪಕದ ಮೇಲೆ ಹಸಿರು ದೀಪ ಉರಿಯುತ್ತಿತ್ತು. ಅದರ ಹಿಂದೆ ಇಪ್ಪತ್ತೊಂಬತ್ತು ದುಪ್ಪಟಿಗಳು ಹಂಚಿನ ತಳದಂತೆ ಕಪ್ಪಾಗಿ ತೊಟ್ಟಿಕ್ಕುತ್ತಿದ್ದವು. ದಾರಿಹೋಕರು ನಿಂತು ದೀಪವನ್ನೊಮ್ಮೆ, ಬಟ್ಟೆಯನ್ನೊಮ್ಮೆ ನೋಡಿ ಹೋಗುತ್ತಿದ್ದರು.

ಆಕ್ಷೇಪಣೆಯ ಗಡುವು ಸಂಜೆ ಐದಕ್ಕೆ. ಅರ್ಜಿಯ ನಮೂನೆ ಇಲ್ಲವೆಂದು ಎರಡು ದಿನ ಅಲೆದಾಡಿಸಿದ್ದರು. ನಾಲ್ಕೂವರೆಗೆ ಇಪ್ಪತ್ತೊಂಬತ್ತು ಜನ ಕೇಂದ್ರದ ಟಪಾಲು ಕಿಟಕಿಯ ಮುಂದೆ ಸಾಲುಗಟ್ಟಿದರು. ಖೈರುನ್ನಿಸಾ ಮೊದಲಿದ್ದಳು. ಮೂರೇ ದಿನಕ್ಕೆ ಅವಳ ಉಸಿರು ಸಿಳ್ಳೆ ಹಾಕತೊಡಗಿತ್ತು. ಹಿಂದಿನ ರಾತ್ರಿ ಮತ್ತೆ ಗೋಡೆಗೆ ಒರಗಿ ಕೂತಿದ್ದಳೆಂದು ಅವಳು ಹೇಳದಿದ್ದರೂ ಸರ್ವಮಂಗಳಾಗೆ ಗೊತ್ತಾಯಿತು.

ಕಿಟಕಿಯೊಳಗೆ ಅಂಬುಜಾಕ್ಷಿ ಎಂಬ ಗುಮಾಸ್ತೆ ಇದ್ದಳು. ಅವಳ ಬೆನ್ನ ಹಿಂದೆ ಬಣಕಾರ ನಿಂತಿದ್ದ.

"ಹೆಸರು?"

"ಖೈರುನ್ನಿಸಾ."

"ಈ ಕಾಲಂ ತುಂಬಬೇಕು. ಅರ್ಜಿದಾರರು ಜೀವಂತವೋ, ಮೃತರ ವಾರಸುದಾರರೋ?"

"ಸದ್ಯಕ್ಕೆ ಜೀವಂತ ಅಂತ ಬರ್ಕೊಳ್ರಿ."

ಸಾಲಿನಲ್ಲಿ ಯಾರೋ ನಕ್ಕರು. ಅಂಬುಜಾಕ್ಷಿ ನಗಲಿಲ್ಲ. 'ಸದ್ಯಕ್ಕೆ' ಎಂಬುದನ್ನೂ ಸೇರಿಸಿ ಬರೆದುಕೊಂಡಳು.

"ಸಹಿ."

"ಹೆಬ್ಬೆಟ್ಟು."

ಅಂಬುಜಾಕ್ಷಿ ಮೇಜಿನ ಖಾನೆ ಎಳೆದಳು. ಮತ್ತೊಂದು ಎಳೆದಳು. ತಿರುಗಿ ನೋಡಿದಳು.

"ಶಾಯಿ ಪ್ಯಾಡು ಸ್ಟಾಕಿನಲ್ಲಿ ಇಲ್ಲ," ಎಂದ ಬಣಕಾರ, ಯಾರ ಮುಖವನ್ನೂ ನೋಡದೆ. "ನಾಳೆ ಬರುತ್ತೆ."

"ನಾಳೆ ಗಡುವು ಮುಗಿದಿರುತ್ತೆ ಸರ್," ಎಂದಳು ಸರ್ವಮಂಗಳಾ.

"ನಾನೇನು ಮಾಡಲಿ ಮೇಡಂ? ಇಲ್ಲ ಅಂದ್ರೆ ಇಲ್ಲ."

ಒಂದು ಊರನ್ನು ಕೊಲ್ಲಲು ಇಷ್ಟು ಸಾಕಾಗಿತ್ತು, ಅಂಗೈಯಗಲದ ಒಂದು ಪ್ಯಾಡನ್ನು ಬಚ್ಚಿಡುವುದು. ಸರ್ವಮಂಗಳಾ ತನ್ನ ಪೆನ್ನನ್ನು ಬಿಚ್ಚಿ ಶಾಯಿಯನ್ನು ಅಂಗೈಗೆ ಸುರಿದುಕೊಳ್ಳಲು ಹೊರಟಳು. ಆದರೆ ಖೈರು ಅಷ್ಟರಲ್ಲಿ ಸಾಲಿನಿಂದ ಸರಿದು ಬೇಲಿಯ ಕಡೆಗೆ ನಡೆದಿದ್ದಳು. ಮೆಲ್ಲಗೆ, ಎರಡು ಕಡೆ ನಿಂತು ಉಸಿರು ತೆಗೆದುಕೊಂಡು ನಡೆದಳು. ತನ್ನ ಹೆಸರಿದ್ದ ದುಪ್ಪಟಿಯ ಮುಂದೆ ನಿಂತಳು. ಓದಲು ಬಾರದಿದ್ದರೂ ತನ್ನದು ಯಾವುದೆಂದು ಗೊತ್ತಿತ್ತು, ಅವಳ ಹಾಸಿಗೆಯದೇ ಅದು. ಒದ್ದೆ ಮಸಿಯ ಮೇಲೆ ಹೆಬ್ಬೆಟ್ಟನ್ನು ಒತ್ತಿದಳು. ಅದೇ ಹೆಬ್ಬೆಟ್ಟನ್ನು ಗಾಳಿಯಲ್ಲಿ ಎತ್ತಿ ಹಿಡಿದುಕೊಂಡು ಹಿಂದಿರುಗಿ ಬಂದು, ಕಿಟಕಿಯೊಳಗೆ ಕೈ ಹಾಕಿ, ಅರ್ಜಿಯ ಮೇಲೆ ಊರಿದಳು.

ಗುರುತು ಅಚ್ಚುಕಟ್ಟಾಗಿ ಮೂಡಿತು. ಗೆರೆಗೆರೆಯೂ ಕಾಣುತ್ತಿತ್ತು.

"ಇದು ನಿಮ್ಮ ಸ್ಟಾಕಿನಲ್ಲಿ ಬೇಕಾದಷ್ಟು ಐತಲ್ಲ ಸಾಹೇಬ್ರೇ," ಎಂದಳು.

ಗುರುಬಸಯ್ಯನಿಗೆ ಚೆಂದದ ಸಹಿ ಬರುತ್ತಿತ್ತು. ಅವನೂ ಪೆನ್ನನ್ನು ಜೇಬಿಗೆ ಸಿಕ್ಕಿಸಿ ಬೇಲಿಯ ಕಡೆ ಹೋದ. ತಿಮ್ಮಕ್ಕ ಹೋದಳು. ಒಬ್ಬರ ಹಿಂದೊಬ್ಬರು ತಮ್ಮತಮ್ಮ ಶ್ರದ್ಧಾಂಜಲಿಗೆ ಹೆಬ್ಬೆಟ್ಟು ಒತ್ತಿ ಬಂದರು. ಕೊನೆಗೆ, ಯಾರೂ ಕರೆಯದೆ, ಕಾರ್ಖಾನೆಯಲ್ಲಿ ಮಗ ದುಡಿಯುವ ಆ ಮುದುಕ ಗೇಟಿನಿಂದ ಒಳಗೆ ಬಂದ. ಅವನಿಗೆ ದುಪ್ಪಟಿ ಇರಲಿಲ್ಲ. ತಲೆಯ ಮೇಲಿನ ಬಿಳಿ ಟವೆಲ್ಲನ್ನು ತೆಗೆದು ನೋಡಿದ, ಅದೂ ಮಸಿ ಹಿಡಿದಿತ್ತು. ಅದಕ್ಕೇ ಹೆಬ್ಬೆಟ್ಟು ಒರೆಸಿ ತಂದ. ಮೂವತ್ತಾಯಿತು.

ಗೋಡೆಯ ಗಡಿಯಾರ ಐದು ದಾಟಿ ನಾಲ್ಕು ನಿಮಿಷ ತೋರಿಸುತ್ತಿತ್ತು. ಬಣಕಾರ ಅದನ್ನು ನೋಡಿದ. ಅಂಬುಜಾಕ್ಷಿ ಅದನ್ನು ನೋಡಲಿಲ್ಲ. ತನ್ನ ಕೈಗಡಿಯಾರ ನೋಡಿದಳು.

"ನನ್ನದರಲ್ಲಿ ನಾಲ್ಕು ಐವತ್ತೆಂಟು ಸರ್. ಟಪಾಲಿನ ಹೊತ್ತು ನನ್ನ ಗಡಿಯಾರದ್ದೇ ಅಂತ ನೀವೇ ಹೋದ ವರ್ಷ ಸುತ್ತೋಲೆ ಹೊರಡಿಸಿದ್ದು." ಮುದ್ರೆಯನ್ನು ಎತ್ತಿ ಅರ್ಜಿಯ ಮೇಲೆ ಬಲವಾಗಿ ಕುಟ್ಟಿದಳು.

ಬಣಕಾರ ಬಹಳ ಹೊತ್ತು ಆ ಕಾಗದದ ಮೇಲಿನ ಮೂವತ್ತು ಕಪ್ಪು ಹೆಬ್ಬೆಟ್ಟುಗಳನ್ನು ನೋಡುತ್ತ ನಿಂತ. ಅವನ ಮುಖದಲ್ಲಿ ಏನಿತ್ತೆಂದು ಓದುವ ಗೋಜಿಗೆ ಸರ್ವಮಂಗಳಾ ಹೋಗಲಿಲ್ಲ. ಅವಳಿಗೆ ಬೇಕಾದದ್ದು ಮುದ್ರೆ. ಅದು ಬಿದ್ದಿತ್ತು.

ಕತ್ತಲಾಗುವ ಮುಂಚೆ ಮೊದಲನೆಯ ಚಿಮಣಿಯ ಹೊಗೆ ಸಣ್ಣಗಾಯಿತು. ಆಮೇಲೆ ಎರಡನೆಯದು. ಮೂರನೆಯದು ಬಹಳ ಹೊತ್ತು ಹಟ ಮಾಡಿ ನಿಂತಿತು.

ಬೇವಿನ ಮರದ ಕೆಳಗೆ ಕೂತು ಅದನ್ನು ನೋಡಿದ ಮೇಲೆ ಸರ್ವಮಂಗಳಾ ಎದ್ದು ದುಪ್ಪಟಿಗಳನ್ನು ಬಿಚ್ಚತೊಡಗಿದಳು. ಅರ್ಧಕ್ಕರ್ಧ ಮನೆಗಳ ಹಾಸಿಗೆ ಖಾಲಿ ಇತ್ತು. ಬಿಸಿನೀರು, ಸೋಡಾ, ಸಾಬೂನು ಹಾಕಿ ನೆನೆಸಿಟ್ಟರೆ ಬೆಳಿಗ್ಗೆಗೆ ಬಿಡಬಹುದು ಎಂದು ಅವಳ ಕೈ ತಾನಾಗಿಯೇ ಲೆಕ್ಕ ಹಾಕುತ್ತಿತ್ತು. ಖೈರು ಬಂದು ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸೇರಿ ಒದ್ದೆ ಬಟ್ಟೆಯನ್ನು ನಾಲ್ಕಾಗಿ ಮಡಿಸಿದರು. ಕೈಗಳು ಮೊಣಕೈವರೆಗೂ ಕಪ್ಪಾದವು.

"ಎಷ್ಟು ದಿನ ಅಂದ್ರಿ ಅಕ್ಕಾ?"

"ವಿಚಾರಣೆಗೆ ಮೂವತ್ತು ದಿನ."

ಖೈರು ತಲೆಯಾಡಿಸಿದಳು. ಸರ್ವಮಂಗಳಾ ಸ್ಕೂಟರಿಗೆ ಹೇರಿಕೊಂಡಿದ್ದ ಗಂಟಿನಿಂದ ಖೈರು ತನ್ನ ದುಪ್ಪಟಿಯನ್ನು ಎಳೆದು ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು.

"ಇದನ್ನ ತೊಳೀಬ್ಯಾಡ್ರಿ," ಎಂದಳು. "ಮೂವತ್ತು ದಿನ ಆದ್ಮೇಲೆ ಮತ್ತೆ ಬೇಕಾಗ್ತೈತೆ."